ಮಲೆನಾಡಿನ ಮನೆಗೆ ಯಾವ ಡಬಲ್ ಬೇಸ್?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಬೆಂಗಳೂರಿನಲ್ಲಿದ್ದಾಗ ಡಬಲ್ ಬೇಸ್, ಅಂದರೆ ವಯಲಿನ್ ಥರದ್ದೇ ಆದರೆ ಆಳೆತ್ತರದ, ತಗ್ಗು ಸ್ವರದ ವಾದ್ಯ, ಕಲಿತೆ. ಆರ್ಕೆಸ್ಟ್ರಾದಲ್ಲೂ ನುಡಿಸುತ್ತೇನೆ, ಜಾಝ್ ತಂಡದಲ್ಲೂ ನುಡಿಸುತ್ತೇನೆ. ಈಗ ಕೆಲಸ ಮನೆಯಿಂದಲೇ ಆದ್ದರಿಂದ ವರ್ಷದ ಬಹುಪಾಲು ಊರಲ್ಲೇ ಇರುತ್ತೇನೆ. ಇಷ್ಟು ದಿನ ಪ್ಲೈವುಡ್ ಬೇಸ್ ಇತ್ತು, ಇನ್ನು ಒಂದು ಒಳ್ಳೆ ವಾದ್ಯ ಕೊಳ್ಳಬೇಕು. ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಹಳೇ ಬೇಸ್ ಮಾರಾಟಕ್ಕಿದೆ. ಒಳಗೆ ಇಟಲಿಯ ಲೇಬಲ್ ಇದೆ, 1790 ಅಂತ ಬರೆದಿದೆ, ಹಿಂಭಾಗ ಚಪ್ಪಟೆ. ಅಷ್ಟೇ ದುಡ್ಡಿಗೆ ಯೂರೋಪಿನಲ್ಲಿ ಹೊಸದನ್ನು ಕೈಯಲ್ಲಿ ಮಾಡಿಸಬಹುದು. ನಮ್ಮ ದೊಡ್ಡಪ್ಪ ಬೇರೆ, ತೋಟದ ಬೀಟೆ ಮರದಲ್ಲೇ ಸಾಗರದ ಗುಡಿಗಾರರ ಹತ್ತಿರ ಮಾಡಿಸೋಣ ಅಂತಿದ್ದಾರೆ. ಯಾವುದು ಸರಿ?

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ವರ್ಷದ ಬಹುಪಾಲು ತೀರ್ಥಹಳ್ಳಿ ಕಡೆಯೇ ಇರುವುದಾದರೆ, ಹಿಂಭಾಗವನ್ನು ಉಬ್ಬಾಗಿ ಕೆತ್ತಿದ, ಈಗಿನ ಒಬ್ಬ ಒಳ್ಳೆ ಕುಶಲಕರ್ಮಿ ಮಾಡಿದ ಹೊಸ ಬೇಸ್ ನಿಮಗೆ ಸರಿ. ಹಾಗಂತ ಆ ಹಳೇದನ್ನು ನೋಡಲೇಬೇಡಿ ಅನ್ನುತ್ತಿಲ್ಲ. ಹೋಗಿ ನೋಡಿ, ನುಡಿಸಿ. ಲೇಬಲ್ ಓದಿ ಮಾತ್ರ ಮನಸ್ಸು ಕೊಟ್ಟುಬಿಡಬೇಡಿ. ನಮ್ಮ ಮಳೆಗಾಲವನ್ನು ಅದು ತಡೆಯುತ್ತದಾ, ಕೆಟ್ಟರೆ ಸರಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ ಅನ್ನುವುದು ಗೊತ್ತಾದ ಮೇಲೇ ಬೆಲೆಯ ಮಾತು.

ಲೇಬಲ್ ವಿಷಯ ಮೊದಲು ಮುಗಿಸೋಣ. 1790ರ ನಿಜವಾದ ಇಟಲಿಯ ಬೇಸ್ ಆಗಿದ್ದರೆ ಅದರ ಬೆಲೆ ಒಂದು ಹೊಸ ಕೈಕೆಲಸದ ಬೇಸಿನ ಬೆಲೆಗಿಂತ ಎಷ್ಟೋ ಪಟ್ಟು ಮೇಲಿರುತ್ತಿತ್ತು. ಎರಡೂ ಒಂದೇ ದುಡ್ಡಿಗೆ ಸಿಗುತ್ತಿವೆ ಅಂದರೆ ಮಾರುವವರಿಗೂ ಆ ಲೇಬಲ್ ಮೇಲೆ ಪೂರ್ತಿ ನಂಬಿಕೆ ಇಲ್ಲ ಅಂತಲೇ ಅರ್ಥ. ಅವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. 19ನೇ ಶತಮಾನದಲ್ಲಿ ಜರ್ಮನಿಯ ಮಾರ್ಕ್‌ನಾಯ್‌ಕಿರ್ಖೆನ್, ಮಿಟ್ಟೆನ್‌ವಾಲ್ಡ್, ಫ್ರಾನ್ಸಿನ ಮಿರ್‌ಕೂರ್ ಊರುಗಳಲ್ಲಿ ವಾದ್ಯ ಮಾಡುವುದು ಮನೆಮನೆಯ ಕಸುಬಾಗಿತ್ತು. ಒಂದು ಮನೆಯಲ್ಲಿ ಸ್ಕ್ರೋಲ್, ಅಂದರೆ ತಲೆಯ ತುದಿಯ ಸುರುಳಿ, ಕೆತ್ತುತ್ತಿದ್ದರು, ಇನ್ನೊಂದು ಮನೆಯಲ್ಲಿ ಒಡಲು. ವ್ಯಾಪಾರಿ ಎಲ್ಲ ಸೇರಿಸಿ, ಗಿರಾಕಿಗೆ ಇಷ್ಟವಾಗುವ ಹೆಸರಿನ ಲೇಬಲ್ ಅಂಟಿಸಿ ಕಳಿಸುತ್ತಿದ್ದ. ಆಗ ಅದು ಸಾಮಾನ್ಯ ರೂಢಿ. ಆ ವಾದ್ಯಗಳೇ ಈಗ ನೂರು, ನೂರೈವತ್ತು ವರ್ಷ ದಾಟಿ ನಮ್ಮ ಕೈಗೆ ಬರುತ್ತಿವೆ.

ದೊಡ್ಡ ದೊಡ್ಡವರ ವಾದ್ಯಕ್ಕೂ ಹೀಗಾಗಿದೆ. ಅಮೆರಿಕದ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾವನ್ನು ನಡೆಸಿದ ಸೆರ್ಗೆ ಕುಸೆವಿಟ್ಸ್ಕಿ ಮೂಲತಃ ಬೇಸ್ ವಾದಕರು. ಅವರ ಬೇಸ್ 1611ರಲ್ಲಿ ಇಟಲಿಯ ಅಮಾಟಿ ಮನೆತನದವರು ಮಾಡಿದ್ದು ಅಂತಲೇ ಪ್ರಸಿದ್ಧಿ. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಅದನ್ನು ಗ್ಯಾರಿ ಕಾರ್ ಎಂಬ ಯುವ ವಾದಕನಿಗೆ ಕೊಟ್ಟರು. ಆತ ಅದನ್ನು ಜಗತ್ತಿನ ವೇದಿಕೆಗಳಲ್ಲೆಲ್ಲ ನುಡಿಸಿದರು. ಕೊನೆಗೆ ತಜ್ಞರು ಅದರ ಮುಂದಿನ ಹಲಗೆಯ ಮರದ ವರ್ಷದ ಬಳೆಗಳನ್ನು ಎಣಿಸಿ ಹೋಲಿಸಿದರು. ಕೊನೆಯ ಬಳೆ 1761ರದ್ದು! ಮರ ಇನ್ನೂ ಬೆಳೆಯುತ್ತಿರುವಾಗಲೇ ಅದರಿಂದ ಬೇಸ್ ಮಾಡಿರಲು ಸಾಧ್ಯವಿಲ್ಲವಲ್ಲ. ಅಮಾಟಿಯ ಹೆಸರು ಅಲ್ಲಿಗೆ ಬಿದ್ದುಹೋಯಿತು. ನಾದ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆ ಬೇಸಿನ ಧ್ವನಿ ಕೇಳಿ ಬೇಸ್ ಹಿಡಿದವರು ಎಷ್ಟೋ ಜನ.

ಹಾಗಾಗಿ ಬೆಂಗಳೂರಿನ ಆ ವಾದ್ಯವನ್ನು ಹೆಸರಿಲ್ಲದ ಒಂದು ಹಳೇ ಜರ್ಮನ್ ಅಥವಾ ಫ್ರೆಂಚ್ ಬೇಸ್ ಅಂತ ತಿಳಿದುಕೊಂಡೇ ನೋಡಲು ಹೋಗಿ. ಆ ಲೆಕ್ಕದಲ್ಲಿ ಬೆಲೆ ಸರಿ ಅನಿಸಿದರೆ ಮಾತ್ರ ಮುಂದುವರಿಯಿರಿ.

ನನಗೆ ಲೇಬಲ್‌ಗಿಂತ ಜಾಸ್ತಿ ಚಿಂತೆ ಇರುವುದು ಆ ಚಪ್ಪಟೆ ಹಿಂಭಾಗದ ಬಗ್ಗೆ. ಚಪ್ಪಟೆ ಹಲಗೆ ತಾನಾಗಿಯೇ ಬಿಗಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಒಳಗಡೆಯಿಂದ ಅಡ್ಡಕ್ಕೆ ಮೂರೋ ನಾಲ್ಕೋ ಪಟ್ಟಿ ಅಂಟಿಸಿರುತ್ತಾರೆ. ಹಲಗೆಯ ಎಳೆ ಉದ್ದಕ್ಕೆ ಓಡುತ್ತದೆ, ಪಟ್ಟಿಯ ಎಳೆ ಅಡ್ಡಕ್ಕೆ. ಮರ ತೇವ ಕುಡಿದಾಗ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಅಂದರೆ ಮಳೆಗಾಲದಲ್ಲಿ ಹಲಗೆ ಅಗಲವಾಗಲು ನೋಡುತ್ತದೆ, ಪಟ್ಟಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಹಲಗೆ ಕುಗ್ಗಲು ನೋಡುತ್ತದೆ, ಆಗಲೂ ಪಟ್ಟಿ ಬಿಡುವುದಿಲ್ಲ. ಕೊನೆಗೆ ಪಟ್ಟಿಯ ಅಂಟು ಬಿಡಬೇಕು, ಇಲ್ಲವೇ ಹಲಗೆ ಸೀಳಬೇಕು. ಉಬ್ಬಿದ ಹಿಂಭಾಗಕ್ಕೆ ಈ ಪಟ್ಟಿಗಳೇ ಬೇಕಾಗಿಲ್ಲ. ತೇವ ಏರಿದಾಗ ಉಬ್ಬು ಸ್ವಲ್ಪ ಮೇಲೇಳುತ್ತದೆ, ಇಳಿದಾಗ ಕೆಳಗೆ ಕೂರುತ್ತದೆ, ಅಷ್ಟೇ.

ನಿಮ್ಮ ಊರಿನಿಂದ ಆಗುಂಬೆ ಎಷ್ಟು ದೂರ, ಹೇಳಿ? ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಅದೇ ವಾದ್ಯವನ್ನು ಫೆಬ್ರವರಿಯಲ್ಲಿ ಬೆಂಗಳೂರಿನ ಎಸಿ ಸಭಾಂಗಣಕ್ಕೆ ಒಯ್ದು ನಿಲ್ಲಿಸುತ್ತೀರಿ. ಶಿವಮೊಗ್ಗದ ಒಬ್ಬ ಗೆಳೆಯರ ಹತ್ತಿರ ಇಂಥದ್ದೇ ಚಪ್ಪಟೆ ಬೆನ್ನಿನ ಹಳೇ ಜರ್ಮನ್ ಬೇಸ್ ಇತ್ತು. ಮಳೆಗಾಲ ಪೂರ್ತಿ ಚೆನ್ನಾಗಿಯೇ ಇತ್ತು. ಶಿವರಾತ್ರಿ ಹೊತ್ತಿಗೆ ಎ ತಂತಿಯಲ್ಲಿ ಸಿ ಸ್ವರ ಹಿಡಿದಾಗಲೆಲ್ಲ ಎಲ್ಲೋ ಒಂದು ಸಣ್ಣ ಜಿರ್ ಸದ್ದು ಬರತೊಡಗಿತು. ತಂತಿ ಬದಲಿಸಿದರು, ತಂತಿಗಳನ್ನು ಹೊತ್ತು ನಿಲ್ಲುವ ಬ್ರಿಡ್ಜ್ ಸರಿಸಿದರು, ಹೋಗಲಿಲ್ಲ. ಬೆನ್ನಿನ ಮೇಲೆ ಬೆರಳ ಗೆಣ್ಣಿನಿಂದ ಸಾಲಾಗಿ ತಟ್ಟುತ್ತಾ ಬಂದಾಗ ಒಂದು ಕಡೆ ಮಾತ್ರ ಸದ್ದು ಸಡಿಲವಾಗಿ ಬಂತು. ಮುಂದಿನ ಹಲಗೆಯಲ್ಲಿರುವ ಎಫ್ ಆಕಾರದ ರಂಧ್ರದಿಂದ ಕನ್ನಡಿ ಇಳಿಸಿ ಟಾರ್ಚ್ ಬಿಟ್ಟರೆ, ಪಟ್ಟಿಯ ತುದಿ ಒಂದು ಕಾಗದದಷ್ಟು ಎದ್ದಿತ್ತು. ಅದರ ಪಕ್ಕದಲ್ಲೇ ಹಲಗೆಯಲ್ಲಿ ಕೂದಲೆಳೆಯಷ್ಟು ಸೀಳು. ಅದನ್ನು ಅಂಟಿಸಲು ಇಡೀ ಬೇಸ್ ಬಿಚ್ಚಬೇಕಾಯಿತು.

ಚಪ್ಪಟೆ ಬೆನ್ನಿನ ಬೇಸಿನ ನಾದ ಚೆಂದ, ಅದನ್ನು ಒಪ್ಪುತ್ತೇನೆ. ಸ್ವರ ಥಟ್ಟನೆ ಎದ್ದು ಬರುತ್ತದೆ, ಬಿಲ್ಲಿಗೆ ಬೇಗ ಸ್ಪಂದಿಸುತ್ತದೆ. ಇಟಲಿ, ಇಂಗ್ಲೆಂಡ್, ಜರ್ಮನಿಯ ಎಷ್ಟೋ ಶ್ರೇಷ್ಠ ಬೇಸ್‌ಗಳು ಚಪ್ಪಟೆ ಬೆನ್ನಿನವೇ. ವರ್ಷವಿಡೀ ಒಂದೇ ಹವೆ ಕಾಪಾಡುವ ಕೋಣೆ ಇರುವವರಿಗೆ ನಾನೇ ಕೊಳ್ಳಿ ಅನ್ನುತ್ತೇನೆ. ಹೆಂಚಿನ ಮನೆಯಲ್ಲಿ, ಒಂದು ಗಾಳಿಮಳೆ ಬಂದರೆ ಎರಡು ದಿನ ಕರೆಂಟಿಲ್ಲದ ಊರಲ್ಲಿ, ಬೇಡ.

ಆದರೂ ಬೆಂಗಳೂರಿಗೆ ಹೋಗಿ ನೋಡುತ್ತೀರಿ ಅಂತಲೇ ಇಟ್ಟುಕೊಳ್ಳೋಣ. ಅಲ್ಲಿ ಏನು ನೋಡಬೇಕು ಅಂತ ಬಿಡಿಸಿ ಹೇಳುತ್ತೇನೆ. ಮುಂದೆ ಬೇರೆ ಹಳೇ ಬೇಸ್ ಸಿಕ್ಕರೂ ಇದು ಉಪಯೋಗಕ್ಕೆ ಬರುತ್ತದೆ.

ನುಡಿಸುವುದಕ್ಕೆ ಮುಂಚೆ ನೋಡಿ. ಒಮ್ಮೆ ನಾದ ಕಿವಿಗೆ ಬಿದ್ದರೆ ಆಮೇಲೆ ಕಣ್ಣು ದೋಷ ಹುಡುಕುವುದಿಲ್ಲ. ನಾಲ್ಕು ತಂತಿಗಳ ಎಳೆತ ಸೇರಿ ನೂರು ಕೆಜಿಗೂ ಜಾಸ್ತಿ. ಅದರ ಒತ್ತಡ ಬ್ರಿಡ್ಜ್ ಮೂಲಕ ಮುಂದಿನ ಹಲಗೆಯ ಮೇಲೆ ಕೂರುತ್ತದೆ. ಹಳೇ ಬೇಸ್‌ಗಳನ್ನು ಮಾಡಿದ್ದು ಕರುಳಿನ ತಂತಿಗೆ. 1950ರ ದಶಕದಿಂದ ಈಚೆಗೆ ಉಕ್ಕಿನ ತಂತಿ ಬಂದು ಒತ್ತಡ ಏರಿತು, ಎಷ್ಟೋ ಹಲಗೆಗಳು ಕುಸಿದವು. ಬೇಸನ್ನು ಪಕ್ಕದಿಂದ, ಕಣ್ಣು ಹಲಗೆಯ ಮಟ್ಟಕ್ಕೆ ತಂದು ನೋಡಿ. ಬ್ರಿಡ್ಜ್ ಕಾಲಿನ ಸುತ್ತ ಗುಂಡಿ ಬಿದ್ದಂತೆ ಇದೆಯಾ? ದಪ್ಪ ತಂತಿಯ ಕಡೆ ತಗ್ಗಿದ್ದರೆ ಒಳಗಿನ ಬೇಸ್ ಬಾರ್, ಅಂದರೆ ಉದ್ದಕ್ಕೆ ಅಂಟಿಸಿದ ಪಟ್ಟಿ, ಸೋತಿದೆ ಅಂತ ಅರ್ಥ. ಬಾರ್ ಬದಲಿಸಬಹುದು, ಆದರೆ ಅದು ದೊಡ್ಡ ಖರ್ಚು.

ತೆಳು ತಂತಿಯ ಕಡೆ, ಬ್ರಿಡ್ಜ್ ಕಾಲಿನ ಹಿಂದೆಯೇ ಒಳಗೆ ಸೌಂಡ್‌ಪೋಸ್ಟ್ ನಿಂತಿರುತ್ತದೆ. ಅಂಟಿಲ್ಲದೆ, ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ಒತ್ತಿ ನಿಲ್ಲಿಸಿದ ಕೋಲು ಅದು. ಅದರ ನೆತ್ತಿಯ ಮೇಲೆ ಸೀಳು ಹೋಗಿದ್ದರೆ ಹುಷಾರು. ಹಳೇ ಬೇಸಿನಲ್ಲಿ ಸೀಳು ಇರುವುದು ಸಹಜ, ಅಂಚಿನ ಕಡೆಯ ಸೀಳಿಗೆಲ್ಲ ಹೆದರಬೇಕಾಗಿಲ್ಲ. ಆದರೆ ಸೌಂಡ್‌ಪೋಸ್ಟ್ ಜಾಗದ ಸೀಳನ್ನು ಮೇಲಿಂದ ಅಂಟಿಸಿ ಬಿಟ್ಟರೆ ಮತ್ತೆ ಬಾಯಿ ಬಿಡುತ್ತದೆ. ಹಲಗೆ ಬಿಚ್ಚಿ, ಒಳಗಿನಿಂದ ಆ ಭಾಗ ಕೆರೆದು, ಹೊಸ ಮರದ ತೇಪೆ ಕೂರಿಸಿರಬೇಕು. ಕನ್ನಡಿ ಹಾಕಿ ನೋಡಿದರೆ ತೇಪೆ ಕಾಣುತ್ತದೆ. ಸೀಳು ಹೊರಗೆ ಕಂಡು ಒಳಗೆ ತೇಪೆ ಕಾಣದಿದ್ದರೆ ಆ ವಾದ್ಯ ಬಿಡಿ. ಬೆನ್ನಿನ ಹಲಗೆಯಲ್ಲಿ ಅದೇ ಜಾಗ ಸೀಳಿದ್ದರಂತೂ ಇನ್ನೂ ಕಷ್ಟ.

ಕುತ್ತಿಗೆ ಒಡಲಿಗೆ ಸೇರುವ ಬುಡ ನೋಡಿ. ಅಲ್ಲಿ ಗೆರೆಯಷ್ಟು ಸಂದು ಬಿಟ್ಟಿದ್ದರೂ ಕುತ್ತಿಗೆ ಮುಂದಕ್ಕೆ ಬಾಗುತ್ತಿದೆ. ತಂತಿ ಬೆರಳು ಒತ್ತುವ ಹಲಗೆಯಾದ ಫಿಂಗರ್‌ಬೋರ್ಡ್‌ನಿಂದ ತೀರಾ ಮೇಲಿದ್ದು, ಬ್ರಿಡ್ಜ್ ಆಗಲೇ ಕುಳ್ಳಾಗಿದ್ದರೆ ಇನ್ನು ಇಳಿಸಲು ಜಾಗವಿಲ್ಲ ಅಂತ ತಿಳಿಯಿರಿ. ಫಿಂಗರ್‌ಬೋರ್ಡ್ ಕರಿಮರದ್ದಾ, ಬಣ್ಣ ಬಳಿದದ್ದಾ ಅಂತ ಅದರ ಬದಿಯಲ್ಲಿ ನೋಡಿದರೆ ಗೊತ್ತಾಗುತ್ತದೆ.

ತಂತಿ ಬಿಗಿಸುವ ತಲೆಯ ಪೆಟ್ಟಿಗೆಯಲ್ಲಿ ಮುಚ್ಚಿದ ಹಳೇ ತೂತುಗಳು ಕಂಡರೆ ಅದು ಮೊದಲು 3 ತಂತಿಯ ಬೇಸ್ ಆಗಿದ್ದಿರಬಹುದು. 18, 19ನೇ ಶತಮಾನದಲ್ಲಿ ಇಟಲಿ, ಇಂಗ್ಲೆಂಡ್ ಕಡೆ 3 ತಂತಿಯದ್ದೇ ಜಾಸ್ತಿ. ಬೇಸಿನ ಮಹಾ ವಾದಕ ಬೊತ್ತೆಸಿನಿ ನುಡಿಸಿದ್ದೂ ಇಟಲಿಯ ಟೆಸ್ಟೋರೆ ಮಾಡಿದ 3 ತಂತಿಯ ಬೇಸ್. ಮುಂದೆ 4 ತಂತಿ ಹಾಕಿ, ಎಷ್ಟೋ ಬೇಸ್‌ಗಳ ಭುಜ ಕತ್ತರಿಸಿ ಇಳಿಸಿದರು, ಒಡಲನ್ನೂ ಚಿಕ್ಕದು ಮಾಡಿದರು. ಸಂಗ್ರಹಕಾರರಿಗೆ ಇದು ದೊಡ್ಡ ಕೊರತೆ. ನುಡಿಸುವವರಿಗೆ ಹಾಗಲ್ಲ. ಇಳಿದ ಭುಜ ಇದ್ದರೆ ಕೈ ಮೇಲಿನ ಸ್ವರಗಳಿಗೆ ಸುಲಭವಾಗಿ ತಲುಪುತ್ತದೆ. ಬೆಲೆ ಇಳಿಸಿ ಕೇಳಲು ಕಾರಣವೂ ಸಿಕ್ಕಂತಾಯಿತು.

ಇನ್ನು ಹುಳ. ಗುಂಡುಸೂಜಿ ತಲೆಯಷ್ಟು ತೂತುಗಳು ಕಂಡರೆ ಒಂದು ಕರಿ ಬಟ್ಟೆಯ ಮೇಲೆ ಬೇಸ್ ಮಲಗಿಸಿ ಮೆಲ್ಲಗೆ ತಟ್ಟಿ. ಬಿಳಿ ಹಿಟ್ಟು ಉದುರಿದರೆ ಹುಳ ಇನ್ನೂ ಒಳಗಿದೆ ಅಂತಲೇ ಅನುಮಾನಿಸಿ. ಮಲೆನಾಡಿನ ಮರದ ಮನೆಗೆ ಅದನ್ನು ತಂದಿಟ್ಟರೆ ತೊಲೆ, ಕಿಟಕಿ, ಬಾಗಿಲು ಯಾವುದಕ್ಕೂ ಕ್ಷೇಮವಲ್ಲ.

ಅಂಟು ಏನು ಹಾಕಿದ್ದಾರೆ ಅಂತ ಕೇಳಲು ಮರೆಯಬೇಡಿ. ಒಳ್ಳೆ ಬೇಸ್ ವಾದ್ಯಕ್ಕೆ ಪ್ರಾಣಿ ಚರ್ಮ ಕಾಯಿಸಿ ಮಾಡಿದ ಅಂಟನ್ನೇ ಹಾಕುತ್ತಾರೆ. ಅದು ಬಿಸಿನೀರಿಗೆ ಬಿಟ್ಟುಕೊಳ್ಳುತ್ತದೆ. ಹಲಗೆ ಎಳೆದಾಗ ಮರ ಸೀಳುವ ಬದಲು ಅಂಟು ಬಿಡಲಿ ಅಂತಲೇ ಅಂಚಿಗೆ ತೆಳುವಾಗಿ ಹಚ್ಚುತ್ತಾರೆ. ಬಡಗಿ ಕೆಲಸದ ಬಿಳಿ ಅಂಟನ್ನು ಯಾರೋ ಸುರಿದಿದ್ದರೆ ಮುಂದಿನ ರಿಪೇರಿಯಲ್ಲಿ ಮರವೇ ಕಿತ್ತು ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ನುಡಿಸಿ. ಸೈಜು ಮೊದಲು. 3/4 ಅನ್ನುವ ಅಳತೆಯೇ ದೊಡ್ಡವರ ಮಾಮೂಲಿ ಅಳತೆ, ಹೆಸರು ಕೇಳಿ ಚಿಕ್ಕದು ಅಂದುಕೊಳ್ಳಬೇಡಿ. ತಂತಿಯ ನುಡಿಸುವ ಉದ್ದ, ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಬ್ರಿಡ್ಜ್‌ವರೆಗೆ, 104ರಿಂದ 106 ಸೆಂಟಿಮೀಟರ್ ಒಳಗಿರಲಿ. ಹಳೇ ಬೇಸ್‌ಗಳಲ್ಲಿ 110ರ ಹತ್ತಿರವೂ ಇರುತ್ತದೆ. ಗಂಟೆಗಟ್ಟಲೆ ರಿಹರ್ಸಲ್ ಮಾಡುವವರ ಎಡಗೈಗೆ ಆ ನಾಲ್ಕೈದು ಸೆಂಟಿಮೀಟರ್ ಬಹಳ ದುಬಾರಿ. ಟೇಪು ತಗೊಂಡೇ ಹೋಗಿ.

ಆಮೇಲೆ ಬಿಲ್ಲಿನಿಂದ ಕೆಳಗಿನ ಇ ತಂತಿಯಿಂದ ಶುರುಮಾಡಿ, ಒಂದೊಂದೇ ಸ್ವರ, ನಿಧಾನ. ಆ ಇ ಸುಮಾರು 41 ಹರ್ಟ್ಸ್. ಅಷ್ಟು ತಗ್ಗಿನಲ್ಲಿ ಕೆಟ್ಟ ಬೇಸ್ ಸುಮ್ನೆ ಗುಂಯ್ ಅನ್ನುತ್ತದೆ, ಒಳ್ಳೆಯದರಲ್ಲಿ ಸ್ವರ ಯಾವುದು ಅಂತ ಸ್ಪಷ್ಟವಾಗಿ ಕೇಳುತ್ತದೆ. ಜಿ, ಎ ಆಸುಪಾಸಿನಲ್ಲಿ ಒಂದು ಸ್ವರ ನಡುಗಿ ಗೊಗ್ಗರಾಗುವುದುಂಟು, ಅದಕ್ಕೆ ವುಲ್ಫ್ ನೋಟ್ ಅಂತಾರೆ. ಸ್ವಲ್ಪ ಇದ್ದರೆ ಪರವಾಗಿಲ್ಲ, ಹದ್ದುಬಸ್ತಿಗೆ ತರಬಹುದು. ನೀವು ಜಾಝ್ ಕೂಡ ನುಡಿಸುವುದರಿಂದ ಬಿಲ್ಲು ಕೆಳಗಿಟ್ಟು ಬೆರಳಲ್ಲಿ ಮೀಟಿ, ನಾದ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಕೊನೆಗೆ ವಾದ್ಯವನ್ನು ಇನ್ನೊಬ್ಬರ ಕೈಗೆ ಕೊಟ್ಟು ನೀವು ಕೋಣೆಯ ಆ ತುದಿಗೆ ಹೋಗಿ ನಿಲ್ಲಿ. ಬೇಸ್ ಹಿಡಿದವರಿಗೆ ಕೇಳುವುದೇ ಬೇರೆ, ಎದುರು ಕೂತವರಿಗೆ ಕೇಳುವುದೇ ಬೇರೆ. ಒಂದು ವಾರ ಮನೆಗೆ ಒಯ್ದು ನುಡಿಸಲು ಕೊಡುತ್ತೀರಾ ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ, ಈ ಕ್ಷೇತ್ರದಲ್ಲಿ ಅದು ರೂಢಿ.

ಹೊಸದನ್ನು ಮಾಡಿಸುವ ಮಾತಿಗೆ ಬರೋಣ. ಹೊಸ ಬೇಸಿನ ನಾದ ಮೊದಮೊದಲು ಸ್ವಲ್ಪ ಬಿಗಿಯಾಗಿರುತ್ತದೆ, ನುಡಿಸುತ್ತಾ ನುಡಿಸುತ್ತಾ ಬಿಡಿಸಿಕೊಳ್ಳುತ್ತದೆ. ಹಳೇದರ ಮಾಗಿದ ನಾದ ಮೊದಲ ದಿನವೇ ಸಿಗುವುದಿಲ್ಲ, ನಿಜ. ಆದರೆ ನಿಮ್ಮ ಎತ್ತರಕ್ಕೆ, ನಿಮ್ಮ ಕೈಗೆ, ನಿಮ್ಮ ಊರಿನ ಹವೆಗೆ ಅಂತ ಹೇಳಿ ಮಾಡಿಸುವ ಅವಕಾಶ ಹಳೇದರಲ್ಲಿ ಎಲ್ಲಿದೆ? ಮಾಡುವವರಿಗೆ ಬರೆಯುವಾಗ ಮಲೆನಾಡಿನ ಮಳೆಗಾಲದ ಬಗ್ಗೆ ಬಿಡಿಸಿ ಬರೆಯಿರಿ. ಬೆನ್ನು ಉಬ್ಬಾಗಿರಲಿ. ಮುಂದಿನ ಹಲಗೆಗೆ ಸ್ಪ್ರೂಸ್, ಬೆನ್ನಿಗೆ ಮೇಪಲ್, ಎರಡೂ ವರ್ಷಗಟ್ಟಲೆ ಗಾಳಿಯಲ್ಲಿ ಒಣಗಿಸಿದ್ದಾ ಅಂತ ಕೇಳಿ. ಬ್ರಿಡ್ಜ್‌ಗೆ ಎತ್ತರ ಹೊಂದಿಸುವ ತಿರುಪು ಇರಲೇಬೇಕು. ಮಳೆಗಾಲದಲ್ಲಿ ಹಲಗೆ ಉಬ್ಬಿ ತಂತಿ ಮೇಲೇರುತ್ತದೆ, ಬೇಸಿಗೆಯಲ್ಲಿ ಇಳಿದು ಫಿಂಗರ್‌ಬೋರ್ಡ್‌ಗೆ ತಾಗುತ್ತದೆ. ತಿರುಪು ಇದ್ದರೆ ನೀವೇ ಹೊಂದಿಸಿಕೊಳ್ಳಬಹುದು. ಕುತ್ತಿಗೆ ಬಿಚ್ಚಿ ಜೋಡಿಸುವ ಹಾಗೆ ಮಾಡುವವರೂ ಇದ್ದಾರೆ. ವಿಮಾನದಲ್ಲಿ ತರಲು ಅದರಿಂದ ಬಹಳ ಅನುಕೂಲ. ಅಕ್ಟೋಬರ್ ಕಳೆದ ಮೇಲೇ ವಾದ್ಯ ಕೈಗೆ ಬರುವ ಹಾಗೆ ದಿನ ಗೊತ್ತು ಮಾಡಿ. ಯೂರೋಪಿನ ಒಣ ಕೋಣೆಯಿಂದ ನೇರವಾಗಿ ನಮ್ಮ ಆಷಾಢಕ್ಕೆ ತಂದಿಳಿಸಬೇಡಿ. ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ಮುಂಗಡ ಕೊಡುವ ಮುಂಚೆಯೇ ಕಸ್ಟಮ್ಸ್ ಏಜೆಂಟರ ಹತ್ತಿರ ಲಿಖಿತವಾಗಿ ತಗೊಳ್ಳಿ.

ದೊಡ್ಡಪ್ಪನವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗುಡಿಗಾರರ ಕೈ ಎಂಥದ್ದು ಅಂತ ನಮಗೆಲ್ಲ ಗೊತ್ತು. ಗಂಧದಲ್ಲಿ ಅಷ್ಟು ಸೂಕ್ಷ್ಮ ಕೆತ್ತುವವರಿಗೆ ಬೇಸಿನ ಸ್ಕ್ರೋಲ್ ಕಷ್ಟವೇನಲ್ಲ. ಆದರೆ ನಾದ ಬರುವುದು ಹಲಗೆಯ ದಪ್ಪವನ್ನು ಜಾಗಜಾಗಕ್ಕೆ ಬೇರೆ ಬೇರೆ ಉಳಿಸುವುದರಿಂದ. ಆ ಅಂದಾಜು ಬೇಸ್ ಮಾಡಿ ಮಾಡಿಯೇ ಬರಬೇಕು. ಇನ್ನು ಬೀಟೆ. ಮರ ಗಟ್ಟಿ, ಚೆಂದ, ಆದರೆ ಮೇಪಲ್‌ಗಿಂತ ಬಹಳ ಭಾರ. ಅಷ್ಟು ದೊಡ್ಡ ಬೆನ್ನು ಬೀಟೆಯಲ್ಲಿ ಮಾಡಿದರೆ ಎತ್ತಿಕೊಂಡು ಓಡಾಡುವುದೇ ಕಷ್ಟ. ಮುಂದಿನ ಹಲಗೆಗೆ ಬೇಕಾದ ಹಗುರ ಮತ್ತು ಬಿಗಿ ಎರಡೂ ಇರುವುದು ಚಳಿ ಬೆಟ್ಟಗಳಲ್ಲಿ ನಿಧಾನವಾಗಿ ಬೆಳೆದ ಸ್ಪ್ರೂಸ್‌ಗೆ. ವೀಣೆಗೆ ನಮ್ಮ ಹಲಸು ಒದಗಿದ ಹಾಗೆ ಬೇಸ್ ವಾದ್ಯಕ್ಕೆ ಅದು. ಅದೂ ಅಲ್ಲದೆ ಬೀಟೆ ನಿಮ್ಮದೇ ತೋಟದಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ದೊಡ್ಡಪ್ಪನವರಿಗೆ ಆಸೆ ಇದ್ದರೆ ಬೇಸ್ ನಿಲ್ಲಿಸುವ ಒಂದು ಒಳ್ಳೆ ಸ್ಟ್ಯಾಂಡನ್ನು ಗುಡಿಗಾರರ ಹತ್ತಿರ ಮಾಡಿಸಲಿ. ಅದು ನಿಮಗೆ ನಿತ್ಯ ಬೇಕಾಗುವ ವಸ್ತು.

ಯಾವುದೇ ಬೇಸ್ ತಂದರೂ ಒಳಕೋಣೆಯಲ್ಲಿಡಿ. ಹೊರಗೋಡೆಗೆ ತಾಗಿಸಬೇಡಿ, ಅಟ್ಟಕ್ಕೆ ಏರಿಸಬೇಡಿ, ಅಡಿಕೆ ಒಣಗಿಸುವ ಜಾಗದ ಹತ್ತಿರ ಬೇಡ, ಬಚ್ಚಲ ಒಲೆಯ ಪಕ್ಕದ ಕೋಣೆಯಂತೂ ಬೇಡವೇ ಬೇಡ. ತೇವ ಅಳೆಯುವ ಸಣ್ಣ ಮೀಟರ್ ಒಂದನ್ನು ಪಕ್ಕದಲ್ಲಿಡಿ. ಶೇಕಡಾ 40ರಿಂದ 60ರ ಒಳಗೆ ಇದ್ದರೆ ಒಳ್ಳೆಯದು. ಜುಲೈನಲ್ಲಿ ಅದನ್ನು ದಾಟಿಯೇ ದಾಟುತ್ತದೆ, ಕರೆಂಟ್ ಇದ್ದಾಗ ಡಿಹ್ಯುಮಿಡಿಫೈಯರ್ ಓಡಿಸಿ. ಮಳೆಗಾಲದಲ್ಲಿ ಕವರಿನೊಳಗೆ ವಾರಗಟ್ಟಲೆ ಮುಚ್ಚಿಟ್ಟರೆ ಬೂಸ್ಟು ಬರುತ್ತದೆ. ದಿನಾ ತೆಗೆದು ನುಡಿಸಿ, ಒಣ ಬಟ್ಟೆಯಲ್ಲಿ ಒರೆಸಿ. ಹಳೇ ಪ್ಲೈವುಡ್ ಬೇಸನ್ನು ಮಾರಬೇಡಿ. ಮಳೆಯಲ್ಲಿ ಘಾಟಿ ಇಳಿದು ಹೋಗುವ ಕಾರ್ಯಕ್ರಮಕ್ಕೆ ಅದೇ ಸರಿ.

ಕಾಗದಪತ್ರದ ಒಂದು ವಿಷಯ ಉಳಿಯಿತು. ನಮ್ಮ ದೇಶದಲ್ಲಿ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಇದೆ. ನೂರು ವರ್ಷ ದಾಟಿದ ಕಲೆ, ಕುಶಲ ಕೆಲಸದ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯಲು ಅದರಡಿ ನಿರ್ಬಂಧ ಇದೆ. ಹಳೇ ಬೇಸ್ ಹಿಡಿದು ಮುಂದೆ ಯಾವಾಗಲಾದರೂ ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ ಪುರಾತತ್ವ ಇಲಾಖೆಯವರನ್ನು ಮೊದಲೇ ಕೇಳಬೇಕಾಗುತ್ತದೆ. ಆ ಬೇಸ್ ಭಾರತಕ್ಕೆ ಯಾವಾಗ, ಹೇಗೆ ಬಂತು ಅನ್ನುವ ದಾಖಲೆ ಮಾರುವವರ ಹತ್ತಿರ ಇರಬೇಕು. ಜೊತೆಗೆ ಹಳೇ ಬಿಲ್ಲು ಕೊಡುತ್ತೇನೆ ಅಂದರೆ ಅದರಲ್ಲಿ ಆನೆದಂತದ ಚೂರು ಇದೆಯಾ ನೋಡಿ, ಇದ್ದರೆ ಬೇಡ ಅನ್ನಿ. ಬಿಲ್ಲಿನ ಕೋಲು ಬ್ರೆಜಿಲ್‌ನ ಪರ್ನಾಂಬುಕೋ ಮರದ್ದಾದರೆ ಅದರ ಖರೀದಿ ರಶೀದಿ ಇಟ್ಟುಕೊಳ್ಳಿ, 2007ರಿಂದ ಆ ಮರದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಇದೆ.

ಬೆಂಗಳೂರಿಗೆ ಬಸ್ಸು ಹತ್ತುವ ಮುಂಚೆ ಮಾರುವವರಿಂದ ಕೆಲವು ಫೋಟೋ ತರಿಸಿಕೊಳ್ಳಿ. ಪಕ್ಕದಿಂದ ಕಾಣುವ ಮುಂದಿನ ಹಲಗೆ, ಕುತ್ತಿಗೆಯ ಬುಡ, ತಲೆಯ ಪೆಟ್ಟಿಗೆಯ ಎರಡೂ ಬದಿ, ಎಫ್ ರಂಧ್ರದಿಂದ ಮೊಬೈಲ್ ಇಳಿಸಿ ತೆಗೆದ ಒಳಭಾಗ. ತಂತಿಯ ಉದ್ದ ಅಳೆದು ಹೇಳಲಿ. ಒಳಗಿನ ಫೋಟೋದಲ್ಲಿ ಬೆನ್ನಿನ ಅಡ್ಡಪಟ್ಟಿಗಳ ತುದಿ ಸರಿಯಾಗಿ ಕಾಣುವ ಹಾಗೆ ತೆಗೆಯಲು ಹೇಳಿ. ತೆಗೆಯಲು ಒಪ್ಪದಿದ್ದರೆ ಆ ವಾದ್ಯ ಅಲ್ಲಿಗೇ ಬಿಡಿ. ಫೋಟೋ ಬಂದರೆ ನನಗೂ ಕಳಿಸಿ, ನೋಡಿ ಹೇಳುತ್ತೇನೆ.